ಜೋಡಿಯಲ್ಲದ ಎರಡು ಗಾಲಿ

ಮಣ್ಣು ಕೊಟ್ಟು ಬಂದವರು ಇನ್ನೂ ಕೈಕಾಲು ತೊಳೆದಿರಲಿಲ್ಲ, ಮಸ್ಕಿಯ ಆ ಮನೆಯ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು ತೀರ್ಪು ಕೊಟ್ಟುಬಿಟ್ಟರು. “ಸೈಕಲ್ ಮ್ಯಾಲಿಂದ ಬಿದ್ದು ಹೋದಳ್ರೀ. ಹೆಣ್ಮಕ್ಳಿಗೆ ಯಾಕ ಬೇಕಿತ್ತು ಅದು?” ಪಕ್ಕದವರು ಗೋಣು ಹಾಕಿದರು. ನಾನು ಒಳಗೆ ಹೆಂಗಸರ ನಡುವೆ ಕೂತಿದ್ದೆ. ಎದ್ದು ಹೊರಗೆ ಬಂದೆ. “ಆಕಿಗೆ ರಕ್ತದ ಬ್ಯಾನಿ ಆಗಿತ್ರಿ. ಸೈಕಲ್ ಮ್ಯಾಲಿಂದ ಆಕಿ ಒಂದು ಸಲಾನೂ ಬಿದ್ದಿಲ್ಲ,” ಅಂದೆ. ಸಾವಿನ ಮನೆಯಲ್ಲಿ ದನಿ ಎತ್ತಬಾರದು ಅನ್ನುವುದು ನನಗೂ ಗೊತ್ತು. ಸಾವಿನ ಮನೆಯಲ್ಲಿ ಸುಳ್ಳು ಹೇಳಬಾರದು ಅನ್ನುವುದು ಅವರಿಗೆ ಗೊತ್ತಿರಲಿಲ್ಲ, ಅಷ್ಟೆ.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಆಕೆಯ ಹೆಸರು ಮಾತ್ರ ಬರೆಯುವುದಿಲ್ಲ. ಬರೆದರೆ ನಾಳೆಯೇ ‘ನಮ್ಮೂರ ಹೆಮ್ಮೆ’ ಎಂದು ಬಸ್ ನಿಲ್ದಾಣದ ಎದುರು ಫ್ಲೆಕ್ಸ್ ಕಟ್ಟುತ್ತಾರೆ, ಅದೇ ಹಿರಿಯರು ಅದರ ಮೂಲೆಯಲ್ಲಿ ಕೈಮುಗಿದುಕೊಂಡು ನಿಂತಿರುತ್ತಾರೆ. ಫ್ಲೆಕ್ಸ್‌ಗಳನ್ನು ಆಕೆ ಯಾವ ಕೆಲಸಕ್ಕೆ ಬಳಸುತ್ತಿದ್ದಳು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಲಿಂಗಸುಗೂರಿನ ನಮ್ಮ ಕಾಲೇಜಿನಲ್ಲಿ ನಾನು ಕನ್ನಡ ಹೇಳುತ್ತೇನೆ, ಆಕೆ ಗಣಿತ ಹೇಳುತ್ತಿದ್ದಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಎತ್ತರದಲ್ಲಿ ನನ್ನಷ್ಟೇ. ಅಂದರೆ ಕರಿಹಲಗೆಯ ಮೇಲ್ತುದಿ ಇಬ್ಬರಿಗೂ ಎಟುಕುತ್ತಿರಲಿಲ್ಲ. ನಾನು ಕೆಳಗಿನ ಅರ್ಧದಲ್ಲೇ ಬರೆದು ಸಂಸಾರ ಮಾಡಿಕೊಂಡಿದ್ದೆ. ಆಕೆ ಕುರ್ಚಿ ಎಳೆದು, ಸೀರೆ ಸೊಂಟಕ್ಕೆ ಸಿಕ್ಕಿಸಿ, ಮೇಲೆ ಹತ್ತಿ ತುದಿಯಿಂದಲೇ ಶುರು ಮಾಡುತ್ತಿದ್ದಳು. ಹುಡುಗರು ನಕ್ಕರೆ ತಿರುಗಿ ಕೂಡ ನೋಡುತ್ತಿರಲಿಲ್ಲ. “ನಗ್ರಿ. ನಕ್ಕು ಮುಗಿಸಿ ಬರಕೋರಿ.”

ಮದುವೆ ಆಗಿರಲಿಲ್ಲ. ಯಾಕೆ ಎಂದು ಸ್ಟಾಫ್ ರೂಮಿನಲ್ಲಿ ಯಾರಾದರೂ ಮೆಲ್ಲಗೆ ಕೆದಕಿದರೆ, “ಯಾರೂ ಸಿಗಲಿಲ್ಲ ಅಂತಲ್ರೀ, ಸಿಕ್ಕೋರು ಸಾಲಲಿಲ್ಲ,” ಎಂದು ಜೋರಾಗಿಯೇ ಹೇಳುತ್ತಿದ್ದಳು. ಮಸ್ಕಿಯಲ್ಲಿ ಅಣ್ಣನ ಮನೆಯಲ್ಲಿ ಇದ್ದಳು, ದಿನಾ ಬಸ್ಸಿನಲ್ಲಿ ಬಂದು ಹೋಗುತ್ತಿದ್ದಳು. ಅಣ್ಣನದು ಬಟ್ಟೆ ಅಂಗಡಿ. ಬೆಳಗ್ಗೆ ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನುಷ್ಯ. ದನಿ ಎತ್ತಿದವರಲ್ಲ, ಕೈ ಎತ್ತಿದವರಲ್ಲ. ಒಳ್ಳೆಯವರು. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವರ ಮಾತನ್ನಾದರೆ ಯಾರು ಬೇಕಾದರೂ ಮೀರಬಹುದು.

ಬೆನ್ನುನೋವಿಗೆ ಡಾಕ್ಟರು ವ್ಯಾಯಾಮ ಹೇಳಿದ್ದಾರೆ, ಅದಕ್ಕೆ ಸೈಕಲ್ ಬೇಕು ಎಂಬುದು ಆಕೆ ಮನೆಯಲ್ಲಿ ಕೊಟ್ಟ ಕಾರಣ. ನನಗೆ ಹೇಳಿದ ಕಾರಣ ಬೇರೆ. “ಜೋರಾಗಿ ಹೋಗಬೇಕು ಅನಸ್ತು ಅಕ್ಕಾ. ಬಸ್ಸಿನ್ಯಾಗ ಕುಂತು ಅಲ್ಲ, ನನ್ನ ಕಾಲಿಂದ.” ಹೀಗೆ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ ಇರುವ ಸೈಕಲ್ ಆ ಮನೆಗೆ ಬಂತು. ಅಣ್ಣ ಅದನ್ನು ಸುತ್ತು ಹಾಕಿ ನೋಡಿದರಂತೆ. “ಹೊಡಿ. ಬ್ಯಾಡ ಅನ್ನೂದಿಲ್ಲ. ಆದ್ರ ಒಂದು ಸಲ ಬಿದ್ದಿ ಅಂದ್ರ ಅವತ್ತಿಗೆ ಮುಗೀತು ತಂಗಿ. ಸೈಕಲ್ ಮಾಳಿಗಿ ಮ್ಯಾಲ.” ಆಕೆ ಕೊರಳಲ್ಲಿದ್ದ ಇಷ್ಟಲಿಂಗ ಮುಟ್ಟಿ ಒಪ್ಪಿಕೊಂಡಳು. ಲಿಂಗ ಮುಟ್ಟಿ ಆಡಿದ ಮಾತಿಗೆ ಆ ಮನೆಯಲ್ಲಿ ಎರಡನೇ ಅರ್ಥ ಇರಲಿಲ್ಲ. ಬಿದ್ದು, ಸೆರಗಿನಲ್ಲಿ ಗಾಯ ಮುಚ್ಚಿಕೊಂಡು, ಬಿದ್ದಿಲ್ಲ ಅನ್ನುವ ದಾರಿ ಅಲ್ಲಿಗೆ ಮುಚ್ಚಿತು.

ಭಾನುವಾರ ಬೆಳಗ್ಗೆ ಸಿಂಧನೂರಿನಿಂದ ಸೈಕಲ್ಲಿನ ಗುಂಪೊಂದು ಹೊರಡುತ್ತಿತ್ತು. ಗೊಬ್ಬರದಂಗಡಿಯ ಮಾಲೀಕರು ಅದಕ್ಕೆ ಮುಂದಾಳು. ಜೊತೆಗೆ ಹಲ್ಲಿನ ಡಾಕ್ಟರು, ರೈಸ್‌ಮಿಲ್ಲಿನವರು, ಕಾಲುವೆ ಕಡೆ ಬಂದು ನೆಲೆಸಿದ ಕ್ಯಾಂಪಿನ ಇಬ್ಬರು ತೆಲುಗು ರೈತರು. ಮಸ್ಕಿಯಲ್ಲಿ ಚಹಾ, ಲಿಂಗಸುಗೂರಿನಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬಜ್ಜಿ, ಮತ್ತೆ ವಾಪಸ್. ಆಕೆ ಮಸ್ಕಿಯಲ್ಲಿ ಕೂಡಿಕೊಳ್ಳುತ್ತಿದ್ದಳು. ಊರ ಹೊರಗಿನ ತನಕ ಎಲ್ಲರೂ ಒಟ್ಟಿಗೆ. ಆಮೇಲೆ “ನೀವು ನಿಧಾನಕ ಬರ್ರಿ ಮೇಡಂ” ಎಂದು ಅವರು ಹೋಗಿಬಿಡುತ್ತಿದ್ದರು. ನಾನು ಲಿಂಗಸುಗೂರಿನ ಹೋಟೆಲಿಗೆ ಆಕೆಯನ್ನು ನೋಡಲೆಂದೇ ಬರುತ್ತಿದ್ದೆ. ಆಕೆ ಬಂದು ಸೈಕಲ್ ಗೋಡೆಗೆ ಒರಗಿಸುವ ಹೊತ್ತಿಗೆ ಅವರು ಕೈ ತೊಳೆದು ಹಲ್ಲುಕಡ್ಡಿ ಹಿಡಿದಿರುತ್ತಿದ್ದರು. ಆಕೆಯ ಪಾಲಿನ ಮಿರ್ಚಿ ತಟ್ಟೆಯಲ್ಲಿ ಎಣ್ಣೆ ಬಿಟ್ಟುಕೊಂಡು ಮೆತ್ತಗಾಗಿ ಕೂತಿರುತ್ತಿತ್ತು. “ತಣ್ಣನ ಮಿರ್ಚಿ ತಿನ್ನಾಕ ಇಷ್ಟು ದೂರ ಬರಬೇಕೇನು ಅಕ್ಕಾ?” ಅನ್ನುತ್ತಿದ್ದಳು. ನಗುತ್ತಲೇ ಅನ್ನುತ್ತಿದ್ದಳು, ಆದರೆ ತಿನ್ನದೆ ಬಿಡುತ್ತಿದ್ದಳು.

ಗಂಡಸರ ಕಾಲಿನ ಬಲ ಒಂದು ಮಾತು. ಅವರ ಗಾಲಿಗಳು ಇನ್ನೊಂದು ಮಾತು. ಸೈಕಲ್ ಗಾಲಿಯ ಅಂಚಿನ ಬಳೆ, ಟಯರ್ ಕೂರುವ ರಿಮ್, ಕಡ್ಡಿಗಳ ಕಡೆಗೆ ಎಷ್ಟು ಇಳಿದಿದೆ ಅನ್ನುವುದಕ್ಕೆ ಅದರ ಆಳ ಅನ್ನುತ್ತಾರೆ. ಆಳ ಹೆಚ್ಚಿದ್ದರೆ ಗಾಲಿ ಗಾಳಿಯನ್ನು ನೀಟಾಗಿ ಸೀಳುತ್ತದೆ, ಒಮ್ಮೆ ಹಿಡಿದ ವೇಗ ಬಿಡುವುದಿಲ್ಲ. ಸಿಂಧನೂರಿನಂಥ ಸಪಾಟು ಸೀಮೆಗೆ ಹೇಳಿ ಮಾಡಿಸಿದ್ದು. ಗುಂಪಿನವರೆಲ್ಲರದೂ ಐವತ್ತು ಮಿಲಿಮೀಟರ್, ಮುಂದೂ ಐವತ್ತು, ಹಿಂದೂ ಐವತ್ತು. ಕಪ್ಪಗೆ, ಅಗಲಕ್ಕೆ, ಹೋಗುವಾಗ ಗುಂಯ್ ಎಂದು ಸದ್ದು ಬೇರೆ. ಆಕೆಯ ಗಾಲಿಯ ಬಳೆ ಅದರ ಅರ್ಧವೂ ಇರಲಿಲ್ಲ.

ಆದರೆ ಅಗಲದ ಬಳೆ ಅಡ್ಡಗಾಳಿಗೆ ಅಗಲದ ಗೋಡೆ. ನಮ್ಮಲ್ಲಿ ಆಷಾಢದ ಗಾಳಿ ಪಡುವಣದಿಂದ ಬೀಸುತ್ತದೆ, ಮಸ್ಕಿಯಿಂದ ಲಿಂಗಸುಗೂರಿಗೆ ರಸ್ತೆ ಬಡಗಣಕ್ಕೆ ಹೋಗುತ್ತದೆ. ಇಡೀ ದಾರಿ ಪಕ್ಕೆಗೆ ಹೊಡೆತ. ಹೋಗುವಾಗ ಗಾಳಿ ಸೈಕಲ್ಲನ್ನು ರಸ್ತೆಯ ನಡುವಿಗೆ ದೂಡುತ್ತದೆ, ಬರುವಾಗ ರಸ್ತೆಯಿಂದಲೇ ಆಚೆಗೆ ದೂಡುತ್ತದೆ. ಗಿಡ ಮರ ಕಡಿಮೆ, ಎಲ್ಲಾ ಬಯಲು ಹೊಲ. ಹಗುರ ಮೈಯವರಿಗೆ ಇನ್ನಷ್ಟು ಕಷ್ಟ. ಆಕೆಯ ಪೇಚು ಇಷ್ಟೇ: ಆಳದ ಗಾಲಿ ಹಾಕಿದರೆ ಬೀಳುವ ಭಯ, ಬಿದ್ದರೆ ಸೈಕಲ್ಲೇ ಇಲ್ಲ. ಹಾಕದಿದ್ದರೆ ಜೀವಮಾನವೆಲ್ಲ ತಣ್ಣನೆಯ ಮಿರ್ಚಿ.

“ಐವತ್ತು ಹಾಕಿಸ್ರಿ ಮೇಡಂ. ಕಣ್ಣು ಮುಚ್ಚಿ ಹಾಕಿಸ್ರಿ,” ಅಂದರು ಗೊಬ್ಬರದಂಗಡಿಯವರು.

“ಅವರಿಗೆ ಬ್ಯಾಡ್ರಿ,” ಅಂದರು ಹಲ್ಲಿನ ಡಾಕ್ಟರು. “ಆಷಾಢದಾಗ ಹಾರಿ ಹೋಗ್ತಾರ. ಇದ್ದದ್ದೇ ಸಾಕು ಅವರಿಗೆ.”

ಆಕೆ ಚಹಾದ ಗ್ಲಾಸು ಕೆಳಗಿಟ್ಟಳು. “ಒಬ್ಬರು ಕಣ್ಣು ಮುಚ್ಚು ಅಂತೀರಿ, ಒಬ್ಬರು ಹಾರಿ ಹೋಗ್ತಿ ಅಂತೀರಿ. ನಾ ಕಣ್ಣು ತಕ್ಕೊಂಡು ನೆಲದ ಮ್ಯಾಲೇ ಇರ್ತೀನಿ, ನೋಡ್ರಿ.”

ಫ್ಲೆಕ್ಸಿನ ಕಥೆ ಶುರುವಾದದ್ದು ಇಲ್ಲಿ. ಯಾವುದೋ ಮುಖಂಡರ ಹುಟ್ಟುಹಬ್ಬದ ಬ್ಯಾನರು ಗಾಳಿಗೆ ಹರಿದು ಚರಂಡಿಯಲ್ಲಿ ಬಿದ್ದಿತ್ತು. ಅದನ್ನು ಎತ್ತಿ, ತೊಳೆದು, ರಟ್ಟಿಗೆ ಅಂಟಿಸಿ, ಉಂಗುರದಂತೆ ಕತ್ತರಿಸಿ ತನ್ನ ಗಾಲಿಯ ಕಡ್ಡಿಗಳಿಗೆ ಕಟ್ಟಿದಳು. ಸಣ್ಣ ಬಳೆ ಐವತ್ತರ ಬಳೆಯಾಯಿತು. ಇನ್ನೊಂದು ಉಂಗುರ ಸ್ವಲ್ಪ ಕಿರಿದು, ಮತ್ತೊಂದು ಇನ್ನೂ ಕಿರಿದು. ಆ ಆಷಾಢವಿಡೀ ಮುಂದಿನ ಗಾಲಿಗೊಮ್ಮೆ, ಹಿಂದಿನದಕ್ಕೊಮ್ಮೆ ಒಂದೊಂದೇ ಕಟ್ಟಿಕೊಂಡು, ಒಂದು ಪಾದ ನೆಲಕ್ಕೆ ಊರಲು ತಯಾರಿಟ್ಟುಕೊಂಡು, ಮೆಲ್ಲಗೆ ಅಡ್ಡಗಾಳಿಗೆ ಹೋಗಿ ನೋಡಿದಳು. ಅಂಗಡಿಯಲ್ಲಿ ಕೊಳ್ಳುವ ಮೊದಲು ಗಾಳಿಯ ಹತ್ತಿರ ಕೇಳಿಕೊಂಡು ಬರುವ ಕ್ರಮ ಅದು.

ಮುಖಂಡರ ಅರ್ಧ ಮೀಸೆ, ಒಂದು ಕಣ್ಣು, ಮುಗಿದ ಕೈ ಗಾಲಿಯಲ್ಲಿ ಗಿರಗಿರ ತಿರುಗುತ್ತಿದ್ದವು. ಒಂದು ದಿನ ಪಾಮನಕಲ್ಲೂರಿನ ಇಬ್ಬರು ಬೈಕ್ ಅಡ್ಡ ಹಾಕಿದರು. ಅಂದು ಬಸ್ ನಿಲ್ದಾಣದ ಎದುರು ನಾನೂ ಜೊತೆಗಿದ್ದೆ.

“ಏನ್ರೀ ಮೇಡಂ, ನಮ್ಮ ಸಾಹೇಬ್ರ ಮುಖ ಗಾಲಿಗೆ ಕಟ್ಟಿ ತಿರುಗಸಾಕತ್ತೀರಿ?”

“ನಿಮ್ಮ ಸಾಹೇಬ್ರು ಗಟಾರದಾಗ ಬಿದ್ದಿದ್ರು. ಆವಾಗ ಎಲ್ಲಿದ್ರಿ ನೀವು?”

“ಅದು ಬ್ಯಾರೆ ರೀ.”

“ಬ್ಯಾರೆ ಏನೈತಿ? ಗಟಾರದಾಗಿಂದ ಎತ್ತಿ, ಜಳಕಾ ಮಾಡಿಸಿ, ಊರೂರು ಮೆರಸಾಕತ್ತೀನಿ. ಹೋಗಿ ಹೇಳ್ರಿ ಅವರಿಗೆ, ಖುಷಿ ಪಡ್ತಾರ.”

ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು, ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಂಡು ಹೋದರು. ಆಕೆ ಸೈಕಲ್ ಹತ್ತಿ, “ಸಾಹೇಬ್ರೇ, ನಡೀರಿ,” ಅಂದಳು.

ಆಷಾಢ ಮುಗಿಯುವ ಹೊತ್ತಿಗೆ ಆಕೆಗೆ ಉತ್ತರ ಸಿಕ್ಕಿತ್ತು. ಸ್ಟಾಫ್ ರೂಮಿನಲ್ಲಿ ನನಗೆ ಬಿಡಿಸಿ ಹೇಳಿದಳು. “ಕಣದಾಗ ಜ್ವಾಳ ತೂರುವಾಗ ಮೊರ ಗಾಳಿಗೆ ಅಡ್ಡ ಹಿಡದ್ರ ಕೈ ತಿರುವಿ ಬಿಡತೈತಲ್ಲ ಅಕ್ಕಾ, ಮುಂದಿನ ಗಾಲಿ ಹಂಗ. ಹ್ಯಾಂಡಲ್ ಇರೂದು ಅದಕ್ಕ, ಗಾಳಿ ಜಗಳ ತಗಿಯೂದೂ ಅದರ ಕೂಡ. ಹಿಂದಿನ ಗಾಲಿ ಮ್ಯಾಲ ನನ್ನ ಭಾರ ಕುಂತಿರತೈತಿ. ಅದು ಯಾರ ಮಾತೂ ಕೇಳೂದಿಲ್ಲ, ಸುಮ್ನ ಬರತೈತಿ.” ಆದ್ದರಿಂದ ಮುಂದೆ ಮೂವತ್ತು, ಹಿಂದೆ ಐವತ್ತು. ಭಯಕ್ಕೆ ಅರ್ಧ, ವೇಗಕ್ಕೆ ಅರ್ಧ ಎಂದು ನಾನು ಅಂದುಕೊಂಡೆ. ಬಾಯಿ ಬಿಟ್ಟು ಅಂದೆ ಕೂಡ. “ಭಯಕ್ಕ ಏನೂ ಕೊಟ್ಟಿಲ್ಲ ಅಕ್ಕಾ. ಗಾಳಿಗೆ ಕೊಟ್ಟೀನಿ,” ಅಂದಳು.

ಗಾಲಿ ತರಿಸಿಕೊಡುವ ಅಂಗಡಿಯವನು ಫೋನಿನಲ್ಲಿ ತಕರಾರು ತೆಗೆದ. ಜೋಡಿಯಾಗಿ ಬರುತ್ತವೆ, ಜೋಡಿ ಒಡೆಯುವುದಿಲ್ಲ ಅಂದ. “ಒಡೀಬಾರದು ಅನ್ನಾಕ ಅವೇನು ಗಂಡ-ಹೆಂಡ್ತಿ ಏನ್ರೀ?” ಎಂದು ಈಕೆ ಕೇಳಿದ್ದು ಕಾರಿಡಾರಿನ ತನಕ ಕೇಳಿಸಿತು. ಪ್ರಿನ್ಸಿಪಾಲರು ತಲೆ ಹೊರಹಾಕಿ ನೋಡಿ ಮತ್ತೆ ಒಳಗೆಳೆದುಕೊಂಡರು. ಗಾಲಿ ಬಂದವು.

ದಸರಾಕ್ಕೆ ಆಯುಧಪೂಜೆ. ಅತ್ತಿಗೆ ಎರಡೂ ಗಾಲಿಗೆ ವಿಭೂತಿ ಬಳಿದು, ಕುಂಕುಮ ಇಟ್ಟು, ಚೆಂಡುಹೂವು ಮುಡಿಸಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಗಾಲಿಯ ನಡುವೆ ಬ್ರೇಕ್ ಹಿಡಿಯುವ ತೆಳ್ಳನೆಯ ಉಕ್ಕಿನ ತಟ್ಟೆ ಇರುತ್ತದೆ. ಅದು ಬರೀ ಒಣಗಿಕೊಂಡಿದೆ, ಪಾಪ, ಅಂದುಕೊಂಡು ಹೊಲಿಗೆ ಮಿಷಿನ್ನಿಗೆ ಹಚ್ಚುವಂತೆ ಅದಕ್ಕೂ ಒಳ್ಳೆಣ್ಣೆ ಹಚ್ಚಿ ಮಿರಮಿರ ಮಾಡಿಬಿಟ್ಟರು. ಮರುದಿನ ಬೆಳಗ್ಗೆ ತಿರುವಿನಲ್ಲಿ ಬ್ರೇಕ್ ಹಿಡಿದರೆ ಸೈಕಲ್ ನಿಲ್ಲಲಿಲ್ಲ, ಬರೀ ಕಿರುಚಿತು. ಎದುರಿಗೆ ಕುರಿ ಹಿಂಡು. ಆಕೆ ಹೊಲದ ಬದುವಿಗೆ ತಿರುಗಿಸಿ, ಎರಡೂ ಕಾಲು ಮಣ್ಣಿಗೆ ಊರಿ, ಉಜ್ಜುತ್ತ ಉಜ್ಜುತ್ತ ನಿಂತಳಂತೆ. ಬೀಳಲಿಲ್ಲ. ಕೆಮಿಸ್ಟ್ರಿ ಲ್ಯಾಬಿನಿಂದ ಸ್ಪಿರಿಟ್ ಒಯ್ದು ತಟ್ಟೆ ಒರೆಸಿದಳು. ಅತ್ತಿಗೆಗೆ ಒಂದು ಮಾತೂ ಅನ್ನಲಿಲ್ಲ. “ಪೂಜಾ ಮಾಡಿದಾಕಿ ಆಕಿ ಒಬ್ಬಾಕೀನ ಅಕ್ಕಾ. ಉಳಿದೋರು ನಾ ಬೀಳೂ ದಾರಿ ಕಾಯಾಕತ್ತಾರ.”

ಗುಂಪಿನವರು ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. “ಟ್ರ್ಯಾಕ್ಟರ್ ಬಂತು ನೋಡ್ರೋ! ಮುಂದ ಸಣ್ಣದು, ಹಿಂದ ದೊಡ್ಡದು!”

“ಗಾಳಿಗೆ ಟ್ರ್ಯಾಕ್ಟರ್ ಬಿದ್ದದ್ದು ಎಲ್ಲೆರ ನೋಡೀರೇನು?” ಅಂದಳು. ನಗು ನಿಲ್ಲಲಿಲ್ಲ. ಆಕೆಗೂ ನಿಲ್ಲಿಸುವ ಆಸೆ ಇರಲಿಲ್ಲ.

ಮುಂದಿನ ಆಷಾಢದ ಒಂದು ಭಾನುವಾರ. ನಾನು ಹೋಟೆಲಿನಲ್ಲಿ ಕೂತಿದ್ದೆ. ಬಾಣಲೆಯಿಂದ ಮಿರ್ಚಿ ಆಗತಾನೇ ಎತ್ತಿದ್ದರು. ಗುಂಪು ಬಂತು, ಗುಂಪಿನ ನಡುವೆಯೇ ಆಕೆಯೂ ಬಂದಳು. ಗಾಳಿಗೆ ಕೂದಲೆಲ್ಲ ಕೆದರಿತ್ತು. ಹೆಲ್ಮೆಟ್ ತೆಗೆಯುವ ಮೊದಲೇ ಒಂದು ಮಿರ್ಚಿ ಕಚ್ಚಿ, ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, “ಬಿಸಿ ಐತಿ ಅಕ್ಕಾ!” ಅಂದಳು. ಅಷ್ಟು ಸಂತೋಷವಾಗಿದ್ದ ಆಕೆಯನ್ನು ನಾನು ಇನ್ನೊಮ್ಮೆ ನೋಡಲಿಲ್ಲ.

ಅಂದು ನನಗೂ ಮಸ್ಕಿಯಲ್ಲಿ ಕೆಲಸವಿತ್ತು. ಅವರು ಹೊರಟ ಸ್ವಲ್ಪ ಹೊತ್ತಿಗೆ ಬಸ್ ಹತ್ತಿದೆ. ಗಾಳಿ ಏರುತ್ತಲೇ ಇತ್ತು. ಮಸ್ಕಿ ಹತ್ತಿರವಾಗುತ್ತಿದ್ದಂತೆ ಬಸ್ ನಿಧಾನವಾಯಿತು, ಎಲ್ಲರೂ ಕಿಟಕಿಗೆ ಮುಗಿಬಿದ್ದರು. ರಸ್ತೆಯ ಪಕ್ಕದ ಮಣ್ಣಿನಲ್ಲಿ ಗೊಬ್ಬರದಂಗಡಿಯವರು, ಅವರ ಮೇಲೆ ಹಲ್ಲಿನ ಡಾಕ್ಟರು, ಇಬ್ಬರ ಮೇಲೂ ಸೈಕಲ್ಲುಗಳು. ಬಲಗಡೆಯಿಂದ ಲಾರಿಯೊಂದು ದಾಟಿಹೋಗಿತ್ತು. ಲಾರಿ ಪಕ್ಕಕ್ಕೆ ಇರುವಷ್ಟು ಹೊತ್ತು ಗಾಳಿ ನಿಲ್ಲುತ್ತದೆ. ದಾಟಿದ ಕೂಡಲೇ ತಡೆದಿಟ್ಟದ್ದನ್ನೆಲ್ಲ ಸೇರಿಸಿ ಬಾರಿಸುತ್ತದೆ. ಐವತ್ತರ ಮುಂದಿನ ಗಾಲಿ ಹ್ಯಾಂಡಲ್ಲನ್ನು ಕೈಯಿಂದ ಕಿತ್ತುಕೊಂಡಿತ್ತು. ಅವರಿಗಿಂತ ಸ್ವಲ್ಪ ಮುಂದೆ ಆಕೆ ಸೈಕಲ್ ತಳ್ಳಿಕೊಂಡು ನಡೆಯುತ್ತಿದ್ದಳು. ಬಸ್ ನಿಲ್ಲಿಸಿ ಇಳಿದೆ.

ನಾನು ಆಕೆಯನ್ನು ಮುಟ್ಟುವಷ್ಟರಲ್ಲಿ ಎದುರಿನಿಂದ ಅಣ್ಣನ ಬೈಕ್ ಬಂತು. ಯಾರೋ ಮುಂದೆ ಹೋದ ಪುಣ್ಯಾತ್ಮರು ‘ಸೈಕಲ್ ಮೇಡಂ ಬಿದ್ದಾರ’ ಎಂದು ಅಂಗಡಿಗೆ ಫೋನ್ ಮಾಡಿದ್ದರು.

“ಬಿದ್ದಿ ಏನು?”

“ಇಲ್ಲ ಅಣ್ಣ.”

“ಮತ್ತ ಯಾಕ ನಡಕೋಂತ ಹೊಂಟಿ?”

“ಲಾರಿ ಸಪ್ಪಳ ಕೇಳಿ ಇಳಿದೀನಿ. ಇಳಿಯೂದು ಬೀಳೂದಲ್ಲ.”

ಅಣ್ಣ ಆಕೆಯ ಮೊಣಕೈ ನೋಡಿದರು, ಮೊಣಕಾಲು ನೋಡಿದರು, ಸೈಕಲ್ಲಿನ ಎರಡೂ ಬದಿ ನೋಡಿದರು. ಆಕೆ ಕೊರಳಿಗೆ ಕೈ ಹಾಕಿ ಲಿಂಗ ಹೊರಗೆಳೆದು ಮುಷ್ಟಿಯಲ್ಲಿ ಹಿಡಿದಳು. “ಮುಟ್ಟಿ ಹೇಳಲೇನು?”

“ಬ್ಯಾಡ,” ಅಂದರು ಅಣ್ಣ.

ಅಷ್ಟರಲ್ಲಿ ಗೊಬ್ಬರದಂಗಡಿಯವರು ಕುಂಟುತ್ತ ಬಂದರು. ಮೈತುಂಬಾ ಕೆಮ್ಮಣ್ಣು, ಅಂಗಿ ಹರಿದಿತ್ತು. “ಬಿದ್ದೋರು ನಾವ್ರೀ ಯಪ್ಪಾ! ಡಾಕ್ಟ್ರು ನನ್ನ ಮ್ಯಾಲೇ ಬಂದು ಕುಂತ್ರು!” ಎಂದು ನಕ್ಕರು. ಹಿಂದೆ ಡಾಕ್ಟರೂ ನಕ್ಕರು, ಬಸ್ಸಿನವರೂ ನಕ್ಕರು. ಆಕೆ ಮಾತ್ರ ನಗಲಿಲ್ಲ. ಅವರ ಹರಿದ ಅಂಗಿಯನ್ನೇ ನೋಡುತ್ತ ನಿಂತಿದ್ದಳು. ಗಾಳಿ ಸ್ವಲ್ಪ ಇಳಿದ ಮೇಲೆ ಸೈಕಲ್ ಹತ್ತಿದಳು, ಅಣ್ಣನ ಕಣ್ಣೆದುರೇ. ಅವರು ಬೈಕಿನಲ್ಲಿ ಮೆಲ್ಲಗೆ ಹಿಂದೆ ಹೋದರು. ನನ್ನ ಬಸ್ ಹೋಗಿಬಿಟ್ಟಿತ್ತು.

ಮರುದಿನ ಸ್ಟಾಫ್ ರೂಮಿನಲ್ಲಿ ಆಕೆಗೆ ಶಭಾಷ್ ಹೇಳಲು ಹೋದೆ. ಬೇಡ ಅನ್ನುವಂತೆ ಕೈ ಎತ್ತಿದಳು. “ಅವರು ಬಿದ್ರ ಮನಿಗೆ ಹೋಗಿ ಕಥಿ ಹೇಳ್ತಾರ. ನಾ ಬಿದ್ರ ಮನಿಯಾಗ ಕುಂದ್ರತೀನಿ. ಲಾರಿ ನೋಡಿ ಇಳದೆ ಅಂತ ಎಲ್ಲಾರೂ ಶಾಣ್ಯಾಕಿ ಅಂತಾರ. ನಂಗ ಶಾಣ್ಯಾತನ ಸಾಕಾಗೈತಿ ಅಕ್ಕಾ. ಒಂದು ಸಲ ಬೀಳಬೇಕು. ಧಪ್ ಅಂತ ಬಿದ್ದು, ಎದ್ದು, ಧೂಳ ಜಾಡಿಸಿಕೊಂಡು, ನಕ್ಕು, ಮತ್ತ ಹತ್ತಬೇಕು.” ಗಂಟೆ ಹೊಡೆಯಿತು. ಸೀಮೆಸುಣ್ಣ ತೆಗೆದುಕೊಂಡು ಕ್ಲಾಸಿಗೆ ಹೋದಳು, ಕುರ್ಚಿ ಎಳೆದ ಸದ್ದು ಕೇಳಿಸಿತು.

ಆಮೇಲೂ ಎಷ್ಟೋ ಭಾನುವಾರ ಹೊಡೆದಳು. ಒಂದು ಚಳಿಗಾಲದಲ್ಲಿ ಗುಂಪಿನ ಹಿಂದೆ ಬೀಳತೊಡಗಿದಳು. “ಗಾಲಿದು ತಪ್ಪಿಲ್ಲ, ಎಂಜಿನ್ನೇ ಕೆಟ್ಟೈತಿ,” ಅಂದಳು. ರಾಯಚೂರು, ಹೈದರಾಬಾದು ಎಂದು ಅಣ್ಣ ಆಕೆಯನ್ನು ಎಲ್ಲ ಕಡೆಯ ಆಸ್ಪತ್ರೆಗೂ ತಿರುಗಿಸಿದರು. ಅದರಲ್ಲಿ ಅವರನ್ನು ಒಂದು ಮಾತು ಅನ್ನುವಂತಿಲ್ಲ. ಕಡೆಯ ಸಲ ನಾನು ನೋಡಲು ಹೋದಾಗ ನರ್ಸ್ ಮಂಚದ ಪಕ್ಕದ ಕಂಬಿ ಎತ್ತಿ ಸಿಕ್ಕಿಸುತ್ತಿದ್ದಳು, ಬೀಳದಿರಲಿ ಎಂದು. “ಅದನ್ನ ಇಳಸವ್ವಾ. ಬೀಳಾಕಿ ಅಲ್ಲ ನಾನು,” ಅಂದಳು ಈಕೆ. ದನಿಯಲ್ಲಿ ಬಲವಿರಲಿಲ್ಲ, ಆದರೂ ಕಂಬಿ ಇಳಿಯಿತು.

ಆಕೆ ಹೋಗಿ ಕೆಲವು ವಾರಗಳ ಮೇಲೆ ನಮ್ಮ ಮನೆಯ ಮುಂದೆ ಒಂದು ಟಂಟಂ ಆಟೋ ನಿಂತಿತು. ಅಣ್ಣ ಇಳಿದರು. ಹಳೆಯ ಸೀರೆ ಸುತ್ತಿದ ಸೈಕಲ್ಲನ್ನು ತಾವೇ ಇಳಿಸಿದರು.

“ಗೊಬ್ಬರದಂಗಡಿಯವರು ಕೇಳಿದ್ರು ಮೇಡಂ. ಹಿಂದಿನ ಗಾಲಿ ಅಷ್ಟೇ ಸಾಕ್ರಿ ಅಂದ್ರು. ಜೋಡಿ ಒಡಿಯೂದಿಲ್ರಿ ಅಂದೆ.”

ಅಣ್ಣ ಸೀರೆ ಬಿಚ್ಚಿ ಸೈಕಲ್ಲನ್ನು ಗೋಡೆಗೆ ಒರಗಿಸಿದರು. “ನಿಮ್ಮದೂ ಆಕಿದೂ ಎತ್ತರ ಒಂದೇ. ನೀವು ಹೊಡೀರಿ.”

“ನಾನಾ? ಹುಡುಗಿ ಇದ್ದಾಗ ಲೇಡೀಸ್ ಸೈಕಲ್ ಹೊಡದಾಕಿ ನಾನು. ಇದನ್ನ ಹತ್ತಿದ್ರ ಬಿದ್ದೇ ಬೀಳ್ತೀನ್ರಿ.”

ಅಣ್ಣ ಮುಂದಿನ ಗಾಲಿಯ ಮೇಲೆ ಕೈಯಿಟ್ಟರು. “ಬೀಳ್ರಿ ಮೇಡಂ,” ಅಂದರು. “ಬಿದ್ರ ಏನಾತು?” ಆಮೇಲೆ ಟವೆಲಿನಿಂದ ಮುಖ ಒತ್ತಿಕೊಂಡು, “ಈ ಮಾತು ಆಕಿಗೆ ಹೇಳಬೇಕಾಗಿತ್ತು ನಾನು,” ಅಂದರು.

ಸಮಾಧಾನ ಹೇಳುವುದು ರೂಢಿ. ನಾನು ಹೇಳಲಿಲ್ಲ. “ಹೌದ್ರಿ. ಹೇಳಬೇಕಾಗಿತ್ತು,” ಅಂದೆ. ಚಹಾ ಮಾಡಿಕೊಟ್ಟೆ. ಕುಡಿದು ಹೋದರು.

ಈಗ ಬೆಳಗ್ಗೆ ಹೊತ್ತು ಕಾಲೇಜು ಮೈದಾನದಲ್ಲಿ ಕಲಿಯುತ್ತಿದ್ದೇನೆ. ಮೊದಲನೇ ದಿನವೇ ಕ್ರಿಕೆಟ್ ಆಡುವ ಹುಡುಗರೆದುರು ಬಿದ್ದೆ. ಹೋದ ಭಾನುವಾರ ಮುದಗಲ್ ರಸ್ತೆಯಲ್ಲಿ, ಅಡ್ಡಗಾಳಿಗೆ, ನಡು ಹಾದಿಯಲ್ಲಿ ಧಪ್ಪನೆ ಬಿದ್ದೆ. ಬೈಕಿನವರೊಬ್ಬರು ನಿಂತು, “ಈ ವಯಸ್ಸಿನ್ಯಾಗ ಬೇಕಾಗಿತ್ತೇನ್ರೀ ಅಕ್ಕಾರ?” ಅಂದರು. ಬೇಕಾಗಿತ್ತು ಅಂದೆ. ಎದ್ದೆ, ಧೂಳು ಜಾಡಿಸಿಕೊಂಡೆ, ನಕ್ಕೆ. ಒಬ್ಬಳೇ ನಕ್ಕೆ, ಜೋರಾಗಿ, ಆಕೆಯ ಪಾಲಿನದನ್ನೂ ಸೇರಿಸಿ. ಮೊಣಕೈ ತರಚಿದೆ. ತುಂಬುತೋಳಿನ ಕುಪ್ಪಸ ತೊಡದೆ, ಗಾಯ ಎಲ್ಲರಿಗೂ ಕಾಣುವಂತೆ ಕಾಲೇಜಿಗೆ ಹೋಗುತ್ತಿದ್ದೇನೆ. ಬರುವ ಭಾನುವಾರ ಮಸ್ಕಿಯ ತನಕ ಹೋಗಬೇಕು, ಆ ಹಿರಿಯರು ಕೂತು ತೀರ್ಪು ಕೊಟ್ಟ ಕಟ್ಟೆಯ ಮುಂದಿನಿಂದಲೇ.